ಕಾರಿಗೆ ದೀಪ, ಟ್ರೇಲರಿಗೆ ಕತ್ತಲು: ಅರ್ಧ ದಾರಿಗೆ ನಿಂತ ಅಮೆರಿಕದ ಟೈರು ಕಾಯಿದೆ

ಅಮೆರಿಕದಲ್ಲಿ ಮಾರಾಟವಾಗುವ ಯಾವುದೇ ಹೊಸ ಕಾರಿನ ಟೈರಿನಲ್ಲಿ ಗಾಳಿ ಕಾಲು ಭಾಗದಷ್ಟು ಇಳಿದರೆ ಚಾಲಕನ ಮುಂದಿನ ಫಲಕದಲ್ಲಿ ಹಳದಿ ದೀಪವೊಂದು ಹೊತ್ತಿಕೊಳ್ಳಬೇಕು. 2007ರ ಸೆಪ್ಟೆಂಬರ್ 1ರಿಂದ ಇದು ಅಲ್ಲಿ ಸಂಪೂರ್ಣ ಕಡ್ಡಾಯ. ಆದರೆ ಅದೇ ವಾಹನದ ಹಿಂದೆ ಕೊಂಡಿ ಹಾಕಿ ಎಳೆದೊಯ್ಯುವ, ಅಡುಗೆಮನೆ, ಹಾಸಿಗೆ, ಸ್ನಾನಗೃಹಗಳೆಲ್ಲವನ್ನೂ ಹೊತ್ತ ಮೂರು ಟನ್ ತೂಕದ ಟ್ರೇಲರಿನ ಟೈರುಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ. ಕಾನೂನು ಕೊಂಡಿಯ ಬಳಿ ಬಂದು ನಿಂತುಬಿಡುತ್ತದೆ.

ಇದು ಕೇವಲ ತಾಂತ್ರಿಕ ವಿನಾಯಿತಿಯ ಪ್ರಶ್ನೆಯಲ್ಲ. ಟೈರು ಸಿಡಿದು ಜೀವ ಹೋದಾಗ ತಪ್ಪು ಯಾರದು ಎಂಬ ಪ್ರಶ್ನೆ ಎದ್ದಾಗಲೆಲ್ಲ ತಯಾರಕರ ಮೊದಲ ಉತ್ತರ ಒಂದೇ: ‘ಗಾಳಿ ಕಡಿಮೆಯಿತ್ತು, ಭಾರ ಹೆಚ್ಚಿತ್ತು’. ಗಾಳಿ ಕಡಿಮೆಯಾದುದನ್ನು ಚಾಲಕನಿಗೆ ತಿಳಿಸುವ ಸಾಧನವನ್ನು ಕಡ್ಡಾಯಗೊಳಿಸದ ಕಡೆ ಈ ಉತ್ತರದ ಪೂರ್ತಿ ಹೊರೆ ವಾಹನದ ಮಾಲೀಕನ ಹೆಗಲ ಮೇಲೆ ಬೀಳುತ್ತದೆ. ಕಳೆದ ಕಾಲು ಶತಮಾನದಲ್ಲಿ ಅಮೆರಿಕ ಕಂಡ ಎರಡು ದೊಡ್ಡ ಟೈರು ಪ್ರಕರಣಗಳನ್ನು ಅಕ್ಕಪಕ್ಕ ಇರಿಸಿ ನೋಡಿದರೆ ಈ ವ್ಯತ್ಯಾಸ ನಿಚ್ಚಳವಾಗುತ್ತದೆ.

ಮನೆಯನ್ನೇ ಎಳೆದು ಹೊರಟವರು

ನಮ್ಮಲ್ಲಿ ಟ್ರೇಲರ್ ಎಂದೊಡನೆ ಮಂಡ್ಯದ ಅಥವಾ ಬೆಳಗಾವಿಯ ರಸ್ತೆಯಲ್ಲಿ ಕಬ್ಬು ಹೇರಿಕೊಂಡು ಸಾಗುವ ಟ್ರ್ಯಾಕ್ಟರ್ ಕಣ್ಣ ಮುಂದೆ ಬರುತ್ತದೆ. ಅಮೆರಿಕದ ‘ಟ್ರಾವೆಲ್ ಟ್ರೇಲರ್’ ಬೇರೆಯೇ ವಸ್ತು. ಎಂಜಿನ್ ಇಲ್ಲದ, ಪಿಕಪ್ ಟ್ರಕ್ಕಿನ ಬೆನ್ನಿಗೆ ಬಿಗಿದು ಎಳೆಯುವ, ಎರಡು ಆಕ್ಸಲ್‌ಗಳ ಮೇಲೆ ಕೂತ ಪುಟ್ಟ ಮನೆ ಅದು. ಎಂಜಿನ್ ಸಹಿತವಾದ, ಬಸ್ಸಿನಂತೆ ಕಾಣುವ ‘ಮೋಟಾರ್‌ಹೋಮ್’ ಇನ್ನೊಂದು ಬಗೆ. ಇವೆರಡನ್ನೂ ಸೇರಿಸಿ ‘ಆರ್‌ವಿ’ ಎನ್ನುವುದು ಅಲ್ಲಿನ ರೂಢಿ.

ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಪ್ರದೇಶ ಈ ಉದ್ಯಮದ ತವರು. ಕೋವಿಡ್ ಕಾಲದಲ್ಲಿ ವಿಮಾನ ಮತ್ತು ಹೋಟೆಲುಗಳಿಂದ ದೂರ ಉಳಿದ ಜನ ಆರ್‌ವಿಗಳಿಗೆ ಮುಗಿಬಿದ್ದರು. 2021ರಲ್ಲಿ ಕಾರ್ಖಾನೆಗಳಿಂದ ಹೊರಬಿದ್ದ ಆರ್‌ವಿಗಳ ಸಂಖ್ಯೆ 6 ಲಕ್ಷ ದಾಟಿತು. ಅದು ಅದುವರೆಗಿನ ದಾಖಲೆ. 2023ರ ವೇಳೆಗೆ ಆ ಸಂಖ್ಯೆ ಸುಮಾರು 3.13 ಲಕ್ಷಕ್ಕೆ ಕುಸಿಯಿತು. ಈ ಪೈಕಿ ಹೆಚ್ಚಿನವು ಎಳೆದೊಯ್ಯುವ ಟ್ರೇಲರುಗಳೇ. ಭರಾಟೆಯ ದಿನಗಳಲ್ಲಿ ಕೊಂಡವರಲ್ಲಿ ಬಹಳಷ್ಟು ಮಂದಿ ಅದುವರೆಗೆ ಕಾರಿನ ಹಿಂದೆ ಏನನ್ನೂ ಎಳೆದವರಲ್ಲ. ಖಾಸಗಿ ಬಳಕೆಯ ಆರ್‌ವಿಗೆ ಹೆಚ್ಚಿನ ರಾಜ್ಯಗಳಲ್ಲಿ ವಾಣಿಜ್ಯ ಚಾಲನಾ ಪರವಾನಗಿಯೂ ಬೇಕಿಲ್ಲ. ಸಣ್ಣ ಕಾರಿನಲ್ಲಿ ಪರೀಕ್ಷೆ ಕೊಟ್ಟು ಪಾಸಾದವನು ಮರುದಿನವೇ ಹತ್ತು ಟನ್ನಿನ ಮೋಟಾರ್‌ಹೋಮ್ ಚಲಾಯಿಸಬಹುದು. ಸರಕು ಲಾರಿಯ ಚಾಲಕ ಹೊರಡುವ ಮುನ್ನ ಟೈರು ಪರೀಕ್ಷಿಸಲೇಬೇಕೆಂಬ ಫೆಡರಲ್ ನಿಯಮ ಈತನನ್ನು ಮುಟ್ಟುವುದಿಲ್ಲ.

ದೀಪ ಹೊತ್ತಿದ ಕಥೆ

ಕಾರಿಗೆ ಆ ಹಳದಿ ದೀಪ ಬಂದದ್ದು ಸುಮ್ಮನೆ ಅಲ್ಲ. 2000ದ ಆಗಸ್ಟ್ 9ರಂದು ಫೈರ್‌ಸ್ಟೋನ್ ಕಂಪನಿ ಬಳಕೆಯಲ್ಲಿದ್ದ ಸುಮಾರು 65 ಲಕ್ಷ ಟೈರುಗಳನ್ನು ಹಿಂದಕ್ಕೆ ಕರೆಸಿಕೊಳ್ಳುವುದಾಗಿ ಪ್ರಕಟಿಸಿತು. ಅವುಗಳಲ್ಲಿ ಹೆಚ್ಚಿನವು ಫೋರ್ಡ್ ಎಕ್ಸ್‌ಪ್ಲೋರರ್ ವಾಹನಗಳಲ್ಲಿದ್ದವು. ವೇಗವಾಗಿ ಸಾಗುವಾಗ ಟೈರಿನ ಮೇಲ್ಪದರ ಒಳಗಿನ ಉಕ್ಕಿನ ಪಟ್ಟಿಯಿಂದ ಬೇರ್ಪಟ್ಟು ವಾಹನ ಪಲ್ಟಿಯಾಗುತ್ತಿತ್ತು. ಈ ಟೈರುಗಳೊಂದಿಗೆ ತಳಕು ಹಾಕಿಕೊಂಡ ಸಾವುಗಳ ಸಂಖ್ಯೆ ಅಮೆರಿಕದಲ್ಲೇ 271ಕ್ಕೆ ಮುಟ್ಟಿತು.

ಜಗಳ ಗಾಳಿಯ ವಿಚಾರಕ್ಕೆ ಬಂದು ನಿಂತಿತು. ಎಕ್ಸ್‌ಪ್ಲೋರರ್‌ಗೆ 26 ಪಿಎಸ್‌ಐ ಗಾಳಿ ಸಾಕೆಂದು ಫೋರ್ಡ್ ಶಿಫಾರಸು ಮಾಡಿತ್ತು. ಹಿಂತೆಗೆತದ ನಂತರ 30 ಇರಬೇಕೆಂದು ಫೈರ್‌ಸ್ಟೋನ್ ಹೇಳಿತು. ಕಡಿಮೆ ಗಾಳಿಯಲ್ಲಿ ಟೈರು ಬಿಸಿಯೇರುತ್ತದೆ ಎಂಬುದು ಟೈರು ಕಂಪನಿಯ ವಾದ. ಅದೇ ಗಾಳಿಯಲ್ಲಿ ಬೇರೆ ಕಂಪನಿಯ ಟೈರುಗಳು ಹೀಗೆ ಕಿತ್ತುಹೋಗಿಲ್ಲವಲ್ಲ ಎಂಬುದು ಕಾರು ಕಂಪನಿಯ ಪ್ರತಿವಾದ. ಹೆಚ್ಚುಕಡಿಮೆ ನೂರು ವರ್ಷಗಳ ವ್ಯವಹಾರ ಸಂಬಂಧ 2001ರ ಮೇ ತಿಂಗಳಲ್ಲಿ ಮುರಿದುಬಿತ್ತು. ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಆಡಳಿತ (ಅಲ್ಲಿ ಅದನ್ನು ‘ನಿಟ್ಸಾ’ ಎಂದೇ ಕರೆಯುತ್ತಾರೆ) ಟೈರಿನಲ್ಲೇ ದೋಷವಿದೆ ಎಂಬ ನಿರ್ಧಾರಕ್ಕೆ ಬಂತು.

ಅಷ್ಟರಲ್ಲಿ ಅಮೆರಿಕದ ಸಂಸತ್ತು ಎಚ್ಚೆತ್ತಿತ್ತು. 2000ದ ನವೆಂಬರ್ 1ರಂದು ಅಧ್ಯಕ್ಷ ಬಿಲ್ ಕ್ಲಿಂಟನ್ ಸಹಿ ಹಾಕಿದ ‘ಟ್ರೆಡ್’ ಕಾಯಿದೆಯ 13ನೇ ವಿಧಿ, ಟೈರಿನಲ್ಲಿ ಗಾಳಿ ಗಣನೀಯವಾಗಿ ಇಳಿದರೆ ಚಾಲಕನನ್ನು ಎಚ್ಚರಿಸುವ ವ್ಯವಸ್ಥೆ ಹೊಸ ವಾಹನಗಳಲ್ಲಿರಬೇಕೆಂದು ವಿಧಿಸಿತು. 2002ರಲ್ಲಿ ನಿಟ್ಸಾ ರೂಪಿಸಿದ ಮೊದಲ ನಿಯಮ ಸಡಿಲವಾಗಿತ್ತು. ನಾಲ್ಕರಲ್ಲಿ ಯಾವುದಾದರೂ ಒಂದೇ ಟೈರಿನ ಗಾಳಿ ಇಳಿದುದನ್ನಷ್ಟೇ ಪತ್ತೆಹಚ್ಚುವ ವ್ಯವಸ್ಥೆಗೂ ಅದರಲ್ಲಿ ಅವಕಾಶವಿತ್ತು. ‘ಪಬ್ಲಿಕ್ ಸಿಟಿಜನ್’ ಎಂಬ ಗ್ರಾಹಕ ಸಂಘಟನೆ ನ್ಯಾಯಾಲಯಕ್ಕೆ ಹೋಯಿತು. 2003ರ ಆಗಸ್ಟ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ನಿಯಮವನ್ನೇ ರದ್ದುಪಡಿಸಿತು. 2005ರ ಏಪ್ರಿಲ್‌ನಲ್ಲಿ ಬಂದ ಹೊಸ ನಿಯಮ ನಾಲ್ಕೂ ಟೈರುಗಳ ಮೇಲೆ ನಿಗಾ ಇರಲೇಬೇಕೆಂದಿತು. ನಿಗದಿತ ಒತ್ತಡಕ್ಕಿಂತ ಶೇ. 25ರಷ್ಟು ಕಡಿಮೆಯಾದರೆ 20 ನಿಮಿಷಗಳೊಳಗೆ ದೀಪ ಹೊತ್ತಬೇಕು.

ಫಲವೂ ಸಿಕ್ಕಿದೆ. 2012ರಲ್ಲಿ ನಿಟ್ಸಾ ಪ್ರಕಟಿಸಿದ ಮೌಲ್ಯಮಾಪನದ ಪ್ರಕಾರ, ಈ ವ್ಯವಸ್ಥೆ ಇರುವ ವಾಹನಗಳಲ್ಲಿ ಗಾಳಿ ತೀವ್ರವಾಗಿ ಇಳಿದ ಟೈರು ಕಾಣಸಿಗುವ ಸಂಭವ ಶೇ. 55.6ರಷ್ಟು ಕಡಿಮೆ. ಸರ್ಕಾರಿ ನಿಯಮವೊಂದು ಇಷ್ಟು ಸ್ಪಷ್ಟ ಪರಿಣಾಮ ತೋರುವುದು ಅಪರೂಪ.

ಯಾರನ್ನು ಬಿಟ್ಟರು?

ನಿಯಮದ ವ್ಯಾಪ್ತಿ ಮಾತ್ರ 10,000 ಪೌಂಡ್, ಅಂದರೆ 4,536 ಕಿಲೋ ತೂಕದವರೆಗಿನ ವಾಹನಗಳಿಗೆ ಸೀಮಿತ. ಅದರೊಳಗೂ ಹಿಂದಿನ ಆಕ್ಸಲ್‌ನಲ್ಲಿ ಜೋಡಿ ಚಕ್ರಗಳಿರುವ ವಾಹನಗಳಿಗೆ ವಿನಾಯಿತಿ ಇದೆ. ಟ್ರೇಲರುಗಳು ಪಟ್ಟಿಯಲ್ಲೇ ಇಲ್ಲ. ಹೀಗಾಗಿ ದೊಡ್ಡ ಮೋಟಾರ್‌ಹೋಮ್ ತೂಕದ ಕಾರಣಕ್ಕೆ ಹೊರಗುಳಿಯಿತು, ಮಧ್ಯಮ ಗಾತ್ರದ್ದು ಜೋಡಿ ಚಕ್ರದ ಕಾರಣಕ್ಕೆ, ಟ್ರೇಲರ್ ತಾನು ಟ್ರೇಲರ್ ಎಂಬ ಕಾರಣಕ್ಕೆ. ಮೂರು ಬಾಗಿಲುಗಳಿಂದ ಹೊರನಡೆದ ಆರ್‌ವಿ ಕುಟುಂಬ ಕೊನೆಗೆ ಒಂದೇ ಅಂಗಳದಲ್ಲಿ ಬಂದು ನಿಂತಂತಾಯಿತು.

ಇದೇ ಕಾಯಿದೆಯ ಬೆನ್ನಲ್ಲೇ ಟೈರುಗಳ ಬಾಳಿಕೆ ಮತ್ತು ಕಡಿಮೆ ಗಾಳಿಯಲ್ಲಿನ ಸಹನಶಕ್ತಿಯನ್ನು ಒರೆಗೆ ಹಚ್ಚುವ ಹೊಸ ಮಾನದಂಡವೂ ಬಂತು. ಟ್ರೇಲರಿಗೆಂದೇ ತಯಾರಾಗುವ, ಬದಿಯಲ್ಲಿ ‘ಎಸ್‌ಟಿ’ ಎಂದು ಅಚ್ಚಾಗಿರುವ ಟೈರುಗಳು ಅದರಿಂದಲೂ ಹೊರಗೆ. ಅವು ಹಳೆಯ ಮಾನದಂಡದಡಿಯಲ್ಲೇ ಉಳಿದಿವೆ. ಅಂದರೆ ಎಚ್ಚರಿಕೆಯ ದೀಪವೂ ಇಲ್ಲ, ಹೊಸ ಪರೀಕ್ಷೆಯೂ ಇಲ್ಲ.

ವಿನಾಯಿತಿಗೆ ಕಾರಣ ಊಹಿಸುವುದು ಕಷ್ಟವಲ್ಲ. ಟ್ರೇಲರಿನಲ್ಲಿ ಚಾಲಕನಿಲ್ಲ, ಚಾಲಕನ ಫಲಕವಿಲ್ಲ. ಅದನ್ನು ಎಳೆಯುವ ವಾಹನವನ್ನು ತಯಾರಿಸಿದವರು ಬೇರೆ, ಟ್ರೇಲರ್ ತಯಾರಿಸಿದವರು ಬೇರೆ. ಎರಡರ ನಡುವೆ ಮಾತುಕತೆಗೆ ಒಪ್ಪಿತ ಭಾಷೆಯಿಲ್ಲ. 2005ರಲ್ಲಿ ಈ ವಾದಕ್ಕೆ ತೂಕವಿತ್ತು. ಇಂದು ಅದೇ ಟ್ರೇಲರಿನಿಂದ ಹಿಂಬದಿ ಕ್ಯಾಮೆರಾದ ಚಿತ್ರ ತಂತಿಯಿಲ್ಲದೆ ಚಾಲಕನ ಮುಂದೆ ಬರುತ್ತಿರುವಾಗ ಆ ವಾದ ಸವೆದಿದೆ. ಫೋರ್ಡ್ ಮತ್ತು ಜನರಲ್ ಮೋಟಾರ್ಸ್‌ನ ಪಿಕಪ್‌ಗಳಲ್ಲೇ ಟ್ರೇಲರ್ ಟೈರಿನ ಗಾಳಿಯನ್ನು ತೋರಿಸುವ ಸೌಲಭ್ಯ ಲಭ್ಯವಿದೆ. ತಂತ್ರಜ್ಞಾನವಿದೆ, ಅದು ಬೇಕೆಂದವನು ಹಣ ತೆತ್ತು ಹಾಕಿಸಿಕೊಳ್ಳಬೇಕು, ಅಷ್ಟೆ.

ಒಂಬತ್ತು ಕಿಲೋದ ಅಂತರ

ಬಿಟ್ಟುಹೋದ ವಾಹನಕ್ಕೇ ಈ ದೀಪದ ಅಗತ್ಯ ಹೆಚ್ಚು ಎನ್ನಲು ಲೆಕ್ಕವೊಂದು ಸಾಕು.

ಸಾಧಾರಣ ಗಾತ್ರದ ಟ್ರಾವೆಲ್ ಟ್ರೇಲರುಗಳಲ್ಲಿ 3,500 ಪೌಂಡ್ ಸಾಮರ್ಥ್ಯದ ಆಕ್ಸಲ್ ಬಳಕೆ ವ್ಯಾಪಕ. ಇದಕ್ಕೆ ಬಹುಕಾಲ ಹೊಂದಿಸುತ್ತ ಬಂದ 14 ಇಂಚಿನ ಎಸ್‌ಟಿ ಟೈರು, ‘ಸಿ’ ಶ್ರೇಣಿಯದಾದರೆ, 50 ಪಿಎಸ್‌ಐ ಗಾಳಿಯಲ್ಲಿ ಹೊರಬಲ್ಲ ಗರಿಷ್ಠ ಭಾರ 1,760 ಪೌಂಡ್. ಎರಡು ಟೈರು ಸೇರಿದರೆ 3,520. ಆಕ್ಸಲ್‌ನ ಸಾಮರ್ಥ್ಯಕ್ಕೂ ಟೈರುಗಳ ಸಾಮರ್ಥ್ಯಕ್ಕೂ ಇರುವ ಅಂತರ 20 ಪೌಂಡ್, ಸುಮಾರು ಒಂಬತ್ತು ಕಿಲೋ. ಹತ್ತು ಕಿಲೋದ ಅಕ್ಕಿ ಚೀಲವೊಂದನ್ನು ಹೆಚ್ಚಿಗೆ ಇಟ್ಟರೆ ಆ ಅಂತರ ಮುಗಿಯಿತು. ಟೈರುಗಳ ಒಟ್ಟು ಸಾಮರ್ಥ್ಯ ಆಕ್ಸಲ್‌ನ ಭಾರಕ್ಕಿಂತ ಕಡಿಮೆಯಾಗಬಾರದು ಎಂಬುದಷ್ಟೇ ಫೆಡರಲ್ ನಿಯಮದ ಬೇಡಿಕೆಯಾದ್ದರಿಂದ ಇದು ಸಂಪೂರ್ಣ ಕಾನೂನುಬದ್ಧ. ಟ್ರೇಲರಿನ ತೂಕದ ಒಂದು ಪಾಲು ಕೊಂಡಿಯ ಮೂಲಕ ಎಳೆಯುವ ವಾಹನದ ಮೇಲೆ ಬೀಳುತ್ತದೆ ಎಂಬುದು ನಿಜ. ಆದರೆ ಟ್ರೇಲರಿನ ಒಂದು ಬದಿಯಲ್ಲಿ ಅಡುಗೆಮನೆ ಹಾಗೂ ಫ್ರಿಜ್, ಇನ್ನೊಂದು ಬದಿಯಲ್ಲಿ ಬರಿಯ ಸೋಫಾ ಇದ್ದರೆ ಎರಡೂ ಬದಿಯ ಟೈರಿಗೆ ಸಮನಾದ ಭಾರ ಬೀಳುವುದಿಲ್ಲ ಎಂಬುದೂ ಅಷ್ಟೇ ನಿಜ. ಈಚಿನ ವರ್ಷಗಳಲ್ಲಿ ಟೈರಿನ ಸಾಮರ್ಥ್ಯದಲ್ಲಿ ಒಂದಿಷ್ಟು ಹೆಚ್ಚುವರಿ ಇರಲೆಂದು ಉದ್ಯಮದೊಳಗೇ ಒತ್ತಡ ಬಂದಿದೆ. ಹಳೆಯ ಟ್ರೇಲರುಗಳ ಪಾಡು ಮಾತ್ರ ಹಾಗೆಯೇ ಇದೆ.

ಟೈರು ಭಾರ ಹೊರುವುದು ರಬ್ಬರಿನ ಬಲದಿಂದಲ್ಲ, ಒಳಗಿನ ಗಾಳಿಯ ಬಲದಿಂದ. ಗಾಳಿ ಇಳಿದಷ್ಟೂ ಹೊರುವ ಶಕ್ತಿ ಇಳಿಯುತ್ತದೆ. ದೊಡ್ಡ ಟ್ರೇಲರುಗಳಲ್ಲಿ ಸಾಮಾನ್ಯವಾದ 15 ಇಂಚಿನ, 225/75 ಅಳತೆಯ ಎಸ್‌ಟಿ ಟೈರನ್ನು ತೆಗೆದುಕೊಂಡರೆ 80 ಪಿಎಸ್‌ಐ ಇದ್ದಾಗ ಅದರ ಸಾಮರ್ಥ್ಯ 2,830 ಪೌಂಡ್, 65ಕ್ಕೆ ಇಳಿದಾಗ 2,540. ಒಂದು ಟೈರಿಗೆ 130 ಕಿಲೋ ಕಡಿತ. ನಾಲ್ಕು ಟೈರಿಗೆ ಅರ್ಧ ಟನ್. ಕಾರಿನ ಶೇ. 25ರ ನಿಯಮವನ್ನು ಯಥಾವತ್ತಾಗಿ ಇಲ್ಲಿಗೆ ತಂದರೆ 60ಕ್ಕೆ ಇಳಿಯುವವರೆಗೂ ದೀಪ ಹೊತ್ತುವುದಿಲ್ಲ. ಅಷ್ಟರೊಳಗೆ ಅರ್ಧ ಟನ್ನಿಗೂ ಮಿಕ್ಕಿದ ಸಾಮರ್ಥ್ಯ ಸದ್ದಿಲ್ಲದೆ ಹೋಗಿರುತ್ತದೆ. ಆದ್ದರಿಂದ ಟ್ರೇಲರಿಗೆ ಕಾರಿನ ನಿಯಮ ವಿಸ್ತರಿಸಿದರೆ ಸಾಲದು. ಅದಕ್ಕಿಂತ ಬಿಗಿಯಾದದ್ದೇ ಬೇಕಾಗುತ್ತದೆ.

ಗಾಳಿ ಕಡಿಮೆಯಾದ ಟೈರು ಪ್ರತಿ ಸುತ್ತಿನಲ್ಲೂ ಬದಿಯ ಗೋಡೆಯನ್ನು ಹೆಚ್ಚು ಮಡಿಚಿ ಬಿಚ್ಚುತ್ತದೆ. ಮಡಿಕೆ ಹೆಚ್ಚಾದಂತೆ ಬಿಸಿ ಹೆಚ್ಚುತ್ತದೆ. ಬಿಸಿ ಹೆಚ್ಚಾದಂತೆ ರಬ್ಬರಿಗೂ ಉಕ್ಕಿನ ಪಟ್ಟಿಗೂ ನಡುವಿನ ಹಿಡಿತ ಸಡಿಲಗೊಳ್ಳುತ್ತದೆ. ಕಾರಿನಲ್ಲಾದರೆ ಸ್ಟೀರಿಂಗ್ ಒಂದು ಕಡೆಗೆ ಎಳೆಯುತ್ತದೆ, ಕೂತವನ ಬೆನ್ನಿಗೆ ನಡುಕ ತಿಳಿಯುತ್ತದೆ. ಹತ್ತು ಮೀಟರ್ ಹಿಂದಿರುವ ಟ್ರೇಲರಿನ ನಾಲ್ಕು ಟೈರುಗಳಲ್ಲಿ ಒಂದು ಕುಗ್ಗಿದರೆ ಪಿಕಪ್‌ನಲ್ಲಿ ಕೂತವನಿಗೆ ಏನೂ ತಿಳಿಯುವುದಿಲ್ಲ. ಕುಗ್ಗಿದ ಟೈರಿನ ಭಾರವನ್ನು ಅದೇ ಬದಿಯ ಪಕ್ಕದ ಟೈರು ಹೊರಬೇಕಾಗುತ್ತದೆ. ಒಂಬತ್ತು ಕಿಲೋದಷ್ಟು ಮಾತ್ರ ಅಂತರವಿದ್ದ ಟೈರಿಗೆ ಏಕಾಏಕಿ ನೂರಾರು ಕಿಲೋ. ಮೊದಲನೆಯದು ಸಿಡಿದ ಸ್ವಲ್ಪ ದೂರದಲ್ಲೇ ಎರಡನೆಯದೂ ಹೋಗುವುದಕ್ಕೆ ಇದೇ ಕಾರಣ.

ಸಿಡಿದ ಟೈರಿನ ಪಟ್ಟಿ ಚಾಟಿಯಂತೆ ಬೀಸುತ್ತ ಟ್ರೇಲರಿನ ತಳವನ್ನು ಬಡಿಯುತ್ತದೆ. ತಳದಲ್ಲಿ ಬ್ರೇಕಿನ ತಂತಿಯಿರುತ್ತದೆ, ನೀರಿನ ಕೊಳವೆಯಿರುತ್ತದೆ, ಒಲೆಗೆ ಹೋಗುವ ಅನಿಲದ ಕೊಳವೆಯೂ ಇರುತ್ತದೆ.

ಇದರ ಮೇಲೆ ವಯಸ್ಸಿನ ಪ್ರಶ್ನೆ. ಆರ್‌ವಿ ವರ್ಷದ ಬಹುಪಾಲು ನಿಂತೇ ಇರುತ್ತದೆ. ಬಿಸಿಲು ಮತ್ತು ಓಜೋನ್ ರಬ್ಬರನ್ನು ಒಳಗೊಳಗೇ ಒಣಗಿಸುತ್ತವೆ. ಗಾಳಿ ತಾನಾಗಿ ತಿಂಗಳು ತಿಂಗಳೂ ಸೋರುತ್ತದೆ. ಓಡಿದ್ದು ಕಡಿಮೆಯಾದ್ದರಿಂದ ಮೇಲ್ಮೈಯ ಗೀರುಗಳು ಹೊಸದರಂತೆ ಆಳವಾಗಿದ್ದು ಮಾಲೀಕನನ್ನು ನಂಬಿಸುತ್ತವೆ. ಟ್ರೇಲರ್ ಟೈರುಗಳನ್ನು ಮೂರರಿಂದ ಆರು ವರ್ಷಗಳೊಳಗೆ ಬದಲಿಸಬೇಕೆಂಬುದು ವೃತ್ತಿಯವರ ಸಾಮಾನ್ಯ ಸಲಹೆ. ಹಾಗೆ ನೋಡಿದರೆ 2021ರಲ್ಲಿ ದಾಖಲೆ ಸಂಖ್ಯೆಯಲ್ಲಿ ಬೀದಿಗಿಳಿದ ಟ್ರೇಲರುಗಳ ಮೂಲ ಟೈರುಗಳು ಆ ವಯಸ್ಸಿಗೆ ಬಂದಾಗಿದೆ.

ಜಿ159: ಇಪ್ಪತ್ತು ವರ್ಷದ ಮೌನ

ಎರಡನೆಯ ಪ್ರಕರಣ ಮೋಟಾರ್‌ಹೋಮ್‌ಗಳದು. ಗುಡ್‌ಇಯರ್ ಕಂಪನಿ 1996ರಿಂದ 2003ರವರೆಗೆ ತಯಾರಿಸಿದ ‘ಜಿ159’ ಎಂಬ ಟೈರು ಮೂಲತಃ ನಗರದೊಳಗೆ ಸರಕು ಹಂಚುವ ಟ್ರಕ್ಕುಗಳಂಥ ವಾಹನಗಳಿಗೆ ಹೊಂದುವಂಥದು. ಅದನ್ನೇ ಮೋಟಾರ್‌ಹೋಮ್‌ಗಳಿಗೂ ಅಳವಡಿಸಲಾಯಿತು. ನಗರದ ಟ್ರಕ್ಕು ನಿಂತು ನಿಂತು ಸಾಗುತ್ತದೆ, ಟೈರು ತಣಿಯುತ್ತದೆ. ಮೋಟಾರ್‌ಹೋಮ್ ಪೂರ್ಣ ಭಾರ ಹೊತ್ತು ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಬಿಡದೆ ಓಡುತ್ತದೆ.

2003ರಲ್ಲಿ ಇಂಥದೇ ಟೈರು ವಿಫಲಗೊಂಡು ಕುಟುಂಬವೊಂದರ ಮೋಟಾರ್‌ಹೋಮ್ ರಸ್ತೆ ಬಿಟ್ಟು ಪಲ್ಟಿಯಾಯಿತು. ಕುಟುಂಬ ಹೂಡಿದ ದಾವೆ ವರ್ಷಗಟ್ಟಲೆ ನಡೆದು 2010ರಲ್ಲಿ, ವಿಚಾರಣೆ ಆರಂಭವಾಗುವ ಹೊತ್ತಿಗೆ, ರಾಜಿಯಲ್ಲಿ ಮುಗಿಯಿತು. ಕೆಲವು ತಿಂಗಳ ನಂತರ ಕುಟುಂಬದ ವಕೀಲರು ಪತ್ರಿಕೆಯೊಂದರ ವರದಿ ಓದಿ ಬೆಚ್ಚಿದರು. ತಾವು ಪದೇ ಪದೇ ಕೇಳಿಯೂ ದೊರೆಯದಿದ್ದ ಪರೀಕ್ಷಾ ಫಲಿತಾಂಶಗಳನ್ನು ಕಂಪನಿ ಇನ್ನೊಂದು ಮೊಕದ್ದಮೆಯಲ್ಲಿ ಹಾಜರುಪಡಿಸಿತ್ತು. ಗಂಟೆಗೆ 55ರಿಂದ 65 ಮೈಲಿ ವೇಗದಲ್ಲಿ, ಅಂದರೆ ತೀರಾ ಸಾಮಾನ್ಯ ಹೆದ್ದಾರಿ ವೇಗದಲ್ಲೇ, ಈ ಟೈರು ಅಸಹಜವಾಗಿ ಬಿಸಿಯಾಗುತ್ತದೆ ಎಂಬುದನ್ನು ಆ ಫಲಿತಾಂಶಗಳು ಸೂಚಿಸುತ್ತಿದ್ದವು.

ಅರಿಜೋನಾದ ಫೆಡರಲ್ ನ್ಯಾಯಾಲಯ ಕಂಪನಿಗೆ 27 ಲಕ್ಷ ಡಾಲರ್ ದಂಡನಾರೂಪದ ವೆಚ್ಚ ವಿಧಿಸಿತು. ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2017ರ ಏಪ್ರಿಲ್‌ನಲ್ಲಿ ನ್ಯಾಯಮೂರ್ತಿ ಎಲೆನಾ ಕೇಗನ್ ಬರೆದ ತೀರ್ಪು, ಮಾಹಿತಿ ಮುಚ್ಚಿಟ್ಟದ್ದರಿಂದಲೇ ಉಂಟಾದ ವೆಚ್ಚವನ್ನಷ್ಟೇ ವಸೂಲಿ ಮಾಡಬಹುದೆಂದು ಹೇಳಿ ಮೊತ್ತವನ್ನು ಮರುಪರಿಶೀಲನೆಗೆ ಕಳುಹಿಸಿತು. ಕಾನೂನು ವಿದ್ಯಾರ್ಥಿಗಳು ಈ ತೀರ್ಪನ್ನು ಓದುವುದು ವಕೀಲರ ಶುಲ್ಕದ ತತ್ತ್ವಕ್ಕಾಗಿ. ಟೈರಿನ ಪಾಲಿಗೆ ಮುಖ್ಯವಾದದ್ದು ಬೇರೆ: ಇತರ ಮೊಕದ್ದಮೆಗಳು ಕೂಡ ಗೋಪ್ಯ ರಾಜಿಗಳಲ್ಲಿ ಮುಗಿಯುತ್ತ ಬಂದಿದ್ದವು. ಸುರಕ್ಷತಾ ಇಲಾಖೆಗೆ ಇಡೀ ಚಿತ್ರ ಸಿಕ್ಕಿರಲಿಲ್ಲ.

ನಿಟ್ಸಾ ತನಿಖೆ ತೆರೆದದ್ದು 2017ರ ಡಿಸೆಂಬರ್‌ನಲ್ಲಿ, ಕೊನೆಯ ಟೈರು ತಯಾರಾಗಿ ಹದಿನಾಲ್ಕು ವರ್ಷಗಳ ನಂತರ. 2022ರ ಆರಂಭದಲ್ಲಿ ಅದು ಹಿಂತೆಗೆತಕ್ಕೆ ಸೂಚಿಸಿದಾಗ ಕಂಪನಿ ಮೊದಲು ಒಪ್ಪಲಿಲ್ಲ. ಜೂನ್‌ನಲ್ಲಿ ಒಪ್ಪಿತು. 22.5 ಇಂಚಿನ ಸುಮಾರು 1.73 ಲಕ್ಷ ಟೈರುಗಳು ಈ ಹಿಂತೆಗೆತದ ವ್ಯಾಪ್ತಿಗೆ ಬಂದವು. 1998ರಿಂದ 2015ರ ನಡುವಿನ 8 ಸಾವು ಮತ್ತು 69 ಗಾಯಗಳಿಗೆ ಈ ಟೈರಿನ ವೈಫಲ್ಯ ಕಾರಣವಾಗಿರಬಹುದೆಂದು ಇಲಾಖೆ ಹೇಳಿತು. ಅಷ್ಟರಲ್ಲಿ ಆ ಟೈರುಗಳಲ್ಲಿ ಬಹುತೇಕ ಸವೆದು ಗುಜರಿ ಸೇರಿದ್ದವು.

ಗುಡ್‌ಇಯರ್ ನೀಡಿದ ಕಾರಣವನ್ನು ಗಮನಿಸಬೇಕು. ಟೈರಿನಲ್ಲಿ ಸುರಕ್ಷತಾ ದೋಷವಿಲ್ಲ. ಮೋಟಾರ್‌ಹೋಮ್‌ಗಳಲ್ಲಿ ಕಡಿಮೆ ಗಾಳಿ ಅಥವಾ ಅತಿಭಾರದೊಂದಿಗೆ ಬಳಸಿದಾಗ ಆಗಬಹುದಾದ ಅಪಾಯ ತಪ್ಪಿಸಲು ಮಾತ್ರ ಈ ಹಿಂತೆಗೆತ ಎಂಬುದು ಕಂಪನಿಯ ನಿಲುವು. 2000ದಲ್ಲಿ ಫೈರ್‌ಸ್ಟೋನ್ ಆಡಿದ ಮಾತಿನ ಮರುಧ್ವನಿಯಿದು. ಆಗ ‘ಗಾಳಿ ಕಡಿಮೆಯಿತ್ತು’ ಎಂಬ ವಾದಕ್ಕೆ ಸಂಸತ್ತು ಕೊಟ್ಟ ಉತ್ತರ, ‘ಹಾಗಿದ್ದರೆ ಅದನ್ನು ಚಾಲಕನಿಗೆ ತಿಳಿಸುವ ದೀಪ ಹಾಕಿ’ ಎಂಬುದಾಗಿತ್ತು. 2022ರಲ್ಲಿ ಅದೇ ವಾದ ಬಂದಾಗ ಯಾವ ಹೊಸ ನಿಯಮವೂ ಹುಟ್ಟಲಿಲ್ಲ. ಸತ್ತವರ ಸಂಖ್ಯೆ 271 ಅಲ್ಲ, 8 ಎಂಬುದು ಒಂದು ಕಾರಣವಿರಬಹುದು. ಆರ್‌ವಿ ಕೊಳ್ಳುವವನು ಹವ್ಯಾಸಿ, ತನ್ನ ಹವ್ಯಾಸದ ಅಪಾಯ ತಾನೇ ನೋಡಿಕೊಳ್ಳಲಿ ಎಂಬ ಮನೋಭಾವವೂ ಇದ್ದೀತು. ಆದರೆ ಸಿಡಿದ ಟೈರಿನ ಟ್ರೇಲರ್ ಹವ್ಯಾಸಿಯ ಲೇನಿನಲ್ಲಷ್ಟೇ ಉರುಳುವುದಿಲ್ಲ.

ಅಂಗಡಿಯಲ್ಲಿ ಸಿಗುವ ಕಾವಲುಗಾರ

ಕಾನೂನು ಬಿಟ್ಟ ಜಾಗಕ್ಕೆ ಮಾರುಕಟ್ಟೆ ಬಂದಿದೆ. ವಾಲ್ವಿನ ಮುಚ್ಚಳದ ಬದಲು ತಿರುಗಿಸಿ ಕೂರಿಸುವ ಪುಟ್ಟ ಸಂವೇದಕ, ಅದರೊಳಗೊಂದು ಬ್ಯಾಟರಿ, ರೇಡಿಯೊ ತರಂಗದ ಮೂಲಕ ಚಾಲಕನ ಬಳಿಯ ಪರದೆಗೆ ಸಂದೇಶ: ಇದು ಇವುಗಳ ಸರಳ ರಚನೆ. ಚಕ್ರದ ಒಳಗೇ ಕೂರಿಸುವ ಬಗೆಯೂ ಇದೆ. ಕೆಲವು ತಯಾರಕರು ಕಾರ್ಖಾನೆಯಲ್ಲೇ ಅಳವಡಿಸಲು ಆರಂಭಿಸಿದ್ದಾರೆ. ಚಕ್ರಗಳು ತಿರುಗುವ ವೇಗದ ವ್ಯತ್ಯಾಸದಿಂದ ಗಾಳಿಯನ್ನು ಅಂದಾಜಿಸುವ, ಕೆಲವು ಕಾರುಗಳಲ್ಲಿರುವ ಪರೋಕ್ಷ ವಿಧಾನ ಇಲ್ಲಿ ನಡೆಯದು. ಅದಕ್ಕೆ ಬೇಕಾದ ಎಬಿಎಸ್ ಹೆಚ್ಚಿನ ಟ್ರೇಲರುಗಳಲ್ಲಿ ಇಲ್ಲ.

ಆದರೆ ಕೊಂಡವನಿಗೆಲ್ಲ ಬಳಸುವ ಬಗೆ ತಿಳಿದಿರುತ್ತದೆ ಎನ್ನಲಾಗದು. ಉದ್ದನೆಯ ಟ್ರೇಲರಿನ ಹಿಂದಿನ ಚಕ್ರದಿಂದ ಹೊರಟ ಸಂಕೇತ ಲೋಹದ ಕವಚಗಳನ್ನು ದಾಟಿ ಮುಂದೆ ತಲುಪದೆ ಹೋಗಬಹುದು. ಅದಕ್ಕೆ ನಡುವೆ ಸಂಕೇತವರ್ಧಕ ಬೇಕು. ರಬ್ಬರ್ ಕಾಂಡದ ವಾಲ್ವಿಗೆ ಸಂವೇದಕದ ತೂಕ ತಗುಲಿದರೆ ಬುಡದಲ್ಲಿ ಬಳುಕಿ ಬಳುಕಿ ಅದೇ ಸೋರತೊಡಗುತ್ತದೆ. ಕಾವಲಿಗೆ ಇಟ್ಟವನೇ ಕನ್ನ ಕೊರೆದಂತೆ! ಲೋಹದ ವಾಲ್ವ್ ಹಾಕಿಸುವುದು ಇದಕ್ಕೆ ಪರಿಹಾರ. ಎಚ್ಚರಿಕೆಯ ಮಿತಿಯನ್ನು ಮಾಲೀಕನೇ ನಮೂದಿಸಬೇಕು. ಬಿಸಿಲಲ್ಲಿ ನಿಂತ ಅಥವಾ ಆಗಷ್ಟೇ ಓಡಿಬಂದ ಟೈರಿನ ಒತ್ತಡವನ್ನು ಆಧಾರವಾಗಿ ನಮೂದಿಸಿದರೆ ಲೆಕ್ಕವೆಲ್ಲ ತಲೆಕೆಳಗು.

ತಾಪಮಾನ ಸುಮಾರು 5.5 ಡಿಗ್ರಿ ಸೆಲ್ಸಿಯಸ್ ಬದಲಾದರೆ ಟೈರಿನ ಒತ್ತಡದಲ್ಲಿ ಶೇ. 2ರಷ್ಟು ಏರಿಳಿತ ಕಾಣುತ್ತದೆ. ಅರಿಜೋನಾದ ಮರುಭೂಮಿಯಲ್ಲಿ 35 ಡಿಗ್ರಿ ಇದ್ದಾಗ 80 ತುಂಬಿಸಿದ ಟೈರು, ಶೂನ್ಯ ಡಿಗ್ರಿಯ ಬೆಟ್ಟದ ಮುಂಜಾನೆಯಲ್ಲಿ 70ರ ಆಸುಪಾಸಿಗೆ ಬಂದಿರುತ್ತದೆ. ಎಲ್ಲೂ ಸೋರಿಲ್ಲ, ಆದರೂ ಹೊರುವ ಶಕ್ತಿ ಕುಂದಿದೆ. ಇದಕ್ಕೆ ವಿರುದ್ಧವಾಗಿ, ಓಟದಿಂದ ಬಿಸಿಯೇರಿ ಒತ್ತಡ ಹೆಚ್ಚಿದ್ದನ್ನು ಕಂಡು ಗಾಬರಿಯಿಂದ ಗಾಳಿ ಬಿಡುವವರಿದ್ದಾರೆ. ತಣಿದ ಮೇಲೆ ಅದೇ ಟೈರು ಅಪಾಯದ ಮಟ್ಟಕ್ಕೆ ಇಳಿಯುತ್ತದೆ.

ಸಾಧನದ ಮಿತಿಯನ್ನೂ ಹೇಳಬೇಕು. ಮೊಳೆ ಚುಚ್ಚಿ ನಿಧಾನವಾಗಿ ಸೋರುವುದನ್ನು ಇದು ಚೆನ್ನಾಗಿ ಹಿಡಿಯುತ್ತದೆ. ವಯಸ್ಸಾಗಿ ಪದರ ಬಿಟ್ಟುಕೊಳ್ಳುವ ಟೈರಿನಲ್ಲಿ ಕೊನೆಯ ಕ್ಷಣದವರೆಗೂ ಗಾಳಿ ಸರಿಯಾಗಿಯೇ ಇರಬಹುದು. ಅಲ್ಲಿ ಪರದೆ ನೀಡುವ ಸಮಾಧಾನ ಹುಸಿ. ತಪ್ಪು ಯಾರದೆಂಬ ಜಗಳದಲ್ಲಿ ಮಾತ್ರ ಇದರ ಪಾತ್ರ ಬೇರೆ. ಟೈರು ಹೋಗುವ ಮುನ್ನ ಗಾಳಿ ಎಷ್ಟಿತ್ತು ಎಂಬ ಪ್ರಶ್ನೆಗೆ ಇದುವರೆಗೆ ಚೂರಾದ ರಬ್ಬರನ್ನು ನೋಡಿ ತಜ್ಞರು ಪರವಿರೋಧ ಸಾಕ್ಷ್ಯ ನುಡಿಯುತ್ತಿದ್ದರು. ಒತ್ತಡವನ್ನು ದಾಖಲಿಸಿಡುವ ಸಾಧನ ಎಲ್ಲ ವಾಹನಗಳಲ್ಲೂ ಇದ್ದರೆ ಆ ಪ್ರಶ್ನೆಗೆ ಅಂಕಿಯಲ್ಲೇ ಉತ್ತರ ಸಿಗುತ್ತದೆ. ಕಡ್ಡಾಯದ ಬೇಡಿಕೆಗೆ ಉದ್ಯಮದಿಂದ ಉತ್ಸಾಹದ ದನಿ ಏಳದಿರುವುದಕ್ಕೆ ಖರ್ಚೊಂದೇ ಕಾರಣವೇ ಎಂಬ ಅನುಮಾನ ಸಹಜ.

ಗೆರೆ ಎಲ್ಲಿ ಎಳೆಯಬೇಕು?

ಯುರೋಪ್ ಒಂದು ಹೆಜ್ಜೆ ಮುಂದಿಟ್ಟಿದೆ. ಕಾರುಗಳಿಗಿದ್ದ ಕಡ್ಡಾಯವನ್ನು 2022ರ ಜುಲೈನಿಂದ ಹೊಸ ಮಾದರಿಗಳಿಗೆ, 2024ರ ಜುಲೈನಿಂದ ಎಲ್ಲ ಹೊಸ ವಾಹನಗಳಿಗೆ ಎಂಬಂತೆ ಟ್ರಕ್ಕು, ಬಸ್ಸು ಹಾಗೂ 3.5 ಟನ್ ಮೀರಿದ ಟ್ರೇಲರುಗಳಿಗೂ ವಿಸ್ತರಿಸಲಾಗಿದೆ. ಟ್ರೇಲರಿಗೆ ಇದನ್ನು ಅಳವಡಿಸಲಾಗದು ಎಂಬ ಮಾತು ಅಲ್ಲಿಗೆ ಮುಗಿದಂತೆಯೇ. ಆದರೆ ಕುಟುಂಬಗಳು ಕಾರಿನ ಹಿಂದೆ ಎಳೆದೊಯ್ಯುವ ಕ್ಯಾರವಾನ್ ಸಾಮಾನ್ಯವಾಗಿ 3.5 ಟನ್ನಿನ ಒಳಗೇ ಇರುವುದರಿಂದ ಅಲ್ಲೂ ಅದು ಗೆರೆಯ ಆಚೆ ಉಳಿದಿದೆ.

ಭಾರತದ ಗೆರೆಯೂ 3.5 ಟನ್ನೇ, ದಿಕ್ಕು ಮಾತ್ರ ತಿರುಗುಮುರುಗು. ಇಲ್ಲಿ ಟೈರಿನ ಗಾಳಿ ನಿಗಾ ವ್ಯವಸ್ಥೆ ಕಡ್ಡಾಯವಲ್ಲ. 2020ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯ ಪ್ರಕಾರ, 3.5 ಟನ್‌ವರೆಗಿನ ಪ್ರಯಾಣಿಕ ವಾಹನದಲ್ಲಿ ಟ್ಯೂಬ್‌ರಹಿತ ಟೈರು, ದುರಸ್ತಿ ಕಿಟ್ ಮತ್ತು ಈ ವ್ಯವಸ್ಥೆ ಇದ್ದರೆ ಸ್ಟೆಪ್ನಿ ಇಡಬೇಕಾಗಿಲ್ಲ. ಸುರಕ್ಷತೆಯ ಸಾಧನ ನಮ್ಮ ನಿಯಮದೊಳಗೆ ಪ್ರವೇಶ ಪಡೆದದ್ದು ಸ್ಟೆಪ್ನಿಗೆ ಬದಲಿಯಾಗಿ. ಕೇರಳ 2021ರಲ್ಲಿ ‘ಕೇರವಾನ್’ ಹೆಸರಿನ ಯೋಜನೆ ತಂದಿತು. ಕರ್ನಾಟಕದಲ್ಲೂ ಕ್ಯಾರವಾನ್ ಪ್ರವಾಸದ ಯತ್ನಗಳು ನಡೆದಿವೆ. ಇಲ್ಲಿನ ಕ್ಯಾರವಾನ್‌ಗಳು ಎಳೆಯುವ ಟ್ರೇಲರುಗಳಲ್ಲ, ಹೆಚ್ಚಾಗಿ ವ್ಯಾನ್ ಅಥವಾ ಮಿನಿ ಬಸ್ಸಿನ ಚಾಸಿಯ ಮೇಲೆ ಕಟ್ಟಿದವು. ಹಾಸಿಗೆ, ನೀರಿನ ಟ್ಯಾಂಕ್, ಜನರೇಟರ್ ಹೇರಿದ ಮೇಲೆ ಅವುಗಳ ತೂಕ ಎಷ್ಟಾಯಿತು, ಟೈರಿಗೆ ಎಷ್ಟು ಗಾಳಿ ಬೇಕು ಎಂಬ ಪ್ರಶ್ನೆ ಅಮೆರಿಕದ ಮೋಟಾರ್‌ಹೋಮ್‌ನದೇ.

ಸದ್ಯಕ್ಕೆ ಕನ್ನಡಿಗರಿಗೆ ಈ ವಿಷಯ ಹೆಚ್ಚು ತಾಗುವುದು ಬೇರೊಂದು ಕಡೆ. ಬೇಸಿಗೆ ರಜೆಯಲ್ಲಿ ಕ್ಯಾಲಿಫೋರ್ನಿಯಾದ ಮಕ್ಕಳ ಮನೆಗೆ ಹೋದ ತಂದೆತಾಯಂದಿರನ್ನು ಕೂರಿಸಿಕೊಂಡು ಬಾಡಿಗೆ ಆರ್‌ವಿಯಲ್ಲಿ ಯೆಲ್ಲೊಸ್ಟೋನ್‌ಗೋ ಗ್ರ್ಯಾಂಡ್ ಕ್ಯಾನ್ಯನ್‌ಗೋ ಹೊರಡುವ ಕುಟುಂಬಗಳುಂಟು. ಬಾಡಿಗೆ ವಾಹನದ ಟೈರು ಎಷ್ಟು ಹಳೆಯದೆಂದು ಬಾಡಿಗೆದಾರ ತಾನಾಗಿ ಹೇಳುವುದಿಲ್ಲ, ಟೈರೇ ಹೇಳುತ್ತದೆ. ಬದಿಯಲ್ಲಿ ‘ಡಿಒಟಿ’ ಎಂಬ ಅಕ್ಷರಗಳಿಂದ ಆರಂಭವಾಗುವ ಸಂಕೇತದ ಕೊನೆಯ ನಾಲ್ಕು ಅಂಕಿಗಳು ತಯಾರಿಕೆಯ ವಾರ ಮತ್ತು ವರ್ಷ: 2319 ಎಂದಿದ್ದರೆ 2019ರ 23ನೇ ವಾರ. ತುಂಬಬೇಕಾದ ಗಾಳಿಯ ಪ್ರಮಾಣ ವಾಹನದ ಮೇಲಿನ ಚೀಟಿಯಲ್ಲಿರುತ್ತದೆ. ಅದನ್ನು ಅಳೆಯಬೇಕಾದ್ದು ಬೆಳಗ್ಗೆ, ಬಿಸಿಲು ಬೀಳುವ ಮುನ್ನ, ವಾಹನ ಕದಲುವ ಮುನ್ನ. ವೇಗದ ಗುರುತಿಲ್ಲದ ಎಸ್‌ಟಿ ಟೈರನ್ನು ಗಂಟೆಗೆ 65 ಮೈಲಿಯ ಮೇಲೆ ಓಡಿಸಬಾರದೆಂಬುದು ಉದ್ಯಮದ ಹಳೆಯ ವಾಡಿಕೆ. ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವವರ ವೇಗಮಿತಿ ಹೇಗೂ 55 ಮೈಲಿ. ಗಡಿ ದಾಟಿ ನೆವಾಡಾಕ್ಕೆ ಕಾಲಿಟ್ಟರೆ ಆ ತಡೆ ಇರುವುದಿಲ್ಲ, ಟೈರು ಮಾತ್ರ ಅದೇ ಆಗಿರುತ್ತದೆ.